ಸೋಡಮ್ ತಂಡದ 1987ರ ಮೂರು ಹಾಡುಗಳ ಇ.ಪಿ.: ಆಲ್ಬಮ್‌ನ ಬಾಲವೇ, ಬೇರೆಯದೇ ಕೃತಿಯೇ?

ಮಂದ್ರತಂತಿ ಕೇಳಿದ ಪ್ರಶ್ನೆ:

ಥ್ರ್ಯಾಶ್ ಮೆಟಲ್ ಎಂಬ ಅತಿವೇಗದ, ಒರಟು ರಾಕ್ ಸಂಗೀತವನ್ನು ಕೇಳುವ ನಮ್ಮಲ್ಲಿ ಬಹುಪಾಲು ಜನ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರ್ಯಾಕ್ಸ್ ಎಂಬ ಅಮೆರಿಕದ ನಾಲ್ಕು ತಂಡಗಳ ಮೂಲಕವೇ ಈ ಸಂಗೀತಕ್ಕೆ ಬಂದವರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಾರ್ಯಕ್ರಮ ನೀಡಿದ ಮೇಲೆ ಹುಚ್ಚು ಹಿಡಿಸಿಕೊಂಡವರಲ್ಲಿ ನಾನೂ ಒಬ್ಬ. ಜರ್ಮನಿಯ ತಂಡಗಳತ್ತ ನನ್ನ ಗಮನ ಹೋದದ್ದು ಬಹಳ ತಡವಾಗಿ, ಅದರಲ್ಲೂ ಗೆಲ್ಸೆನ್‌ಕಿರ್ಶೆನ್ ಊರಿನ ಸೋಡಮ್ ತಂಡವನ್ನು ಕ್ರಮವಾಗಿ ಕೇಳಲು ಕುಳಿತದ್ದು ಈಚಿನ ಕೆಲವು ತಿಂಗಳುಗಳಲ್ಲಿ ಮಾತ್ರ.

ನನ್ನ ಬಳಿ ಇರುವುದು 'ಪರ್ಸಿಕ್ಯೂಶನ್ ಮೇನಿಯಾ' ಆಲ್ಬಮ್‌ನ ಸಿ.ಡಿ. ಅದರಲ್ಲಿ 'ಬಾಂಬನ್‌ಹಾಗೆಲ್' ಮುಗಿದ ನಂತರ ಇನ್ನೂ ನಾಲ್ಕು ಹಾಡುಗಳಿವೆ. ಅವುಗಳ ಪೈಕಿ 'ಸೊಡಮಿ ಆ್ಯಂಡ್ ಲಸ್ಟ್', 'ದ ಕಾಂಕರರ್', 'ಮೈ ಅಟೋನ್‌ಮೆಂಟ್' ಎಂಬ ಮೂರು ಹಾಡುಗಳು ಅದೇ 1987ರಲ್ಲಿ ಆಲ್ಬಮ್‌ಗಿಂತ ಮೊದಲೇ 'ಎಕ್ಸ್‌ಪರ್ಸ್ ಆಫ್ ಸೊಡಮಿ' ಎಂಬ ಪ್ರತ್ಯೇಕ ಇ.ಪಿ.ಯಾಗಿ (ಆಲ್ಬಮ್‌ಗಿಂತ ಚಿಕ್ಕದಾದ, ಕೆಲವೇ ಹಾಡುಗಳ ಮುದ್ರಿಕೆಯಾಗಿ) ಬಂದಿದ್ದವು ಎಂದು ಆಮೇಲೆ ತಿಳಿಯಿತು. ಇಷ್ಟು ದಿನ ನಾನು ಇವನ್ನು ಆಲ್ಬಮ್‌ನಲ್ಲಿ ಜಾಗ ಸಿಗದೆ ಉಳಿದುಹೋದ ಹಾಡುಗಳೆಂದೇ ಭಾವಿಸಿ, ಒಂಬತ್ತನೆಯ ಹಾಡು ಮುಗಿಯುತ್ತಿದ್ದಂತೆ ಸಿ.ಡಿ. ನಿಲ್ಲಿಸುತ್ತಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಸುಮಾರು ಹದಿನೈದು ನಿಮಿಷಗಳ ಈ ಇ.ಪಿ.ಯನ್ನು ಬೇರೆಯದೇ ಕೃತಿಯೆಂದು ಎಣಿಸಿ ಕೇಳಬೇಕೇ, ಅಥವಾ ಮುಂದೆ ಬಂದ ಆಲ್ಬಮ್‌ಗೆ ಮಾಡಿಕೊಂಡ ತಾಲೀಮು ಎಂದುಕೊಂಡರೆ ಸಾಕೇ? 1986ರ 'ಅಬ್ಸೆಸ್ಡ್ ಬೈ ಕ್ರುಯಲ್ಟಿ' ಆಲ್ಬಮ್‌ಗೂ ಮರುವರ್ಷದ 'ಪರ್ಸಿಕ್ಯೂಶನ್ ಮೇನಿಯಾ'ಕ್ಕೂ ನಡುವೆ ಕಾಣುವ ಅಗಾಧ ಅಂತರ ನಿಜವಾಗಿ ಎಲ್ಲಿ ಉಂಟಾಯಿತು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಗೀರುತಟ್ಟೆ ಉತ್ತರ:

ಮಂದ್ರತಂತಿಯವರೇ, ನೀವು ಸಿ.ಡಿ. ನಿಲ್ಲಿಸುತ್ತಿದ್ದ ಜಾಗದಲ್ಲಿಯೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವಿದೆ. ತಪ್ಪು ನಿಮ್ಮದಲ್ಲ, ಹಾಡುಗಳನ್ನು ಜೋಡಿಸಿದವರದು. ಕಾಲಕ್ರಮದಲ್ಲಿ ಮೊದಲು ಬಂದದ್ದನ್ನು ಕೊನೆಗೆ ಸೇರಿಸಿದರೆ ಕೇಳುವವನಿಗೆ ಅದು ಊಟ ಮುಗಿದ ಮೇಲೆ ತಂದಿಟ್ಟ ಕೋಸಂಬರಿಯಂತೆ ತೋರುತ್ತದೆ. ಆ ನಾಲ್ಕರಲ್ಲಿ ಮೊದಲನೆಯದಾದ 'ಔಟ್‌ಬ್ರೇಕ್ ಆಫ್ ಈವಿಲ್' ಈ ಇ.ಪಿ.ಗೆ ಸೇರಿದ್ದೇ ಅಲ್ಲ. ಅದು 'ಇನ್ ದ ಸೈನ್ ಆಫ್ ಈವಿಲ್' ಎಂಬ ಅವರ ಮೊದಲ ಇ.ಪಿ.ಯ ಹಾಡಿನ ಮತ್ತೊಂದು ಧ್ವನಿಮುದ್ರಣ. ಹೀಗೆ ಹಳೆಯ ಕಾಲದ ಹಾಡೊಂದು ನಡುವೆ ಬಂದು ಕುಳಿತದ್ದರಿಂದ ಅದರ ನಂತರದ ಮೂರೂ ಹಾಡುಗಳು ಹಳೆಯ ಸಾಮಾನಿನ ಪಟ್ಟಿಗೆ ಸೇರಿದವುಗಳೆಂಬ ಭಾವನೆ ಸಹಜವಾಗಿಯೇ ಹುಟ್ಟುತ್ತದೆ.

ಅಂತರ ಎಲ್ಲಿ ಉಂಟಾಯಿತು ಎಂಬುದನ್ನು ತಿಳಿಯಲು ಮೊದಲು ತಂಡದ ರಚನೆಯನ್ನು ಗಮನಿಸಬೇಕು. ಸೋಡಮ್ ಆಗ ಮೂವರ ತಂಡ. ಹಾಡುಗಾರಿಕೆ ಮತ್ತು ಬಾಸ್ ಗಿಟಾರ್ ಟಾಮ್ ಏಂಜೆಲ್‌ರಿಪ್ಪರ್ ಅವರದು, ಡ್ರಮ್ಸ್ ಕ್ರಿಸ್ ವಿಚ್‌ಹಂಟರ್ ಅವರದು. ಗಿಟಾರ್ ವಾದಕರ ಸ್ಥಾನ ಮಾತ್ರ ಒಬ್ಬರ ಕೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮೊದಲ ಇ.ಪಿ.ಯಲ್ಲಿ ಗ್ರೇವ್ ವಯಲೇಟರ್ ಇದ್ದರು, ಮೊದಲ ಆಲ್ಬಮ್‌ನಲ್ಲಿ ಡಿಸ್ಟ್ರಕ್ಟರ್ ಎಂಬ ಹೆಸರಿನಿಂದ ಮಿಖಾಯೆಲ್ ವುಲ್ಫ್ ನುಡಿಸಿದರು. 1987ರ ಇ.ಪಿ.ಯ ಹೊತ್ತಿಗೆ ಆ ಸ್ಥಾನಕ್ಕೆ ಬಂದವರು ಫ್ರ್ಯಾಂಕ್ ಬ್ಲ್ಯಾಕ್‌ಫೈರ್. ಐದು ಜನರ ತಂಡದಲ್ಲಿ ಒಬ್ಬ ಗಿಟಾರ್ ವಾದಕ ಬದಲಾದರೆ ಇನ್ನೊಬ್ಬನ ನೆರಳಿನಲ್ಲಿ ಆ ಬದಲಾವಣೆ ಮುಚ್ಚಿಹೋಗಬಹುದು. ಮೂವರ ತಂಡದಲ್ಲಿ ಗಿಟಾರ್ ಬದಲಾಯಿತೆಂದರೆ ಬಾಸಿಗಿಂತ ಮೇಲಿನ ಸ್ವರಲೋಕವೆಲ್ಲ ಬದಲಾದಂತೆ, ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ.

'ಅಬ್ಸೆಸ್ಡ್ ಬೈ ಕ್ರುಯಲ್ಟಿ' ಕೇಳಿದವರಿಗೆ ಗೊತ್ತು, ಅಲ್ಲಿ ರಿಫ್‌ಗಳು, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛಗಳು, ಒಂದರ ಮೇಲೊಂದು ಉರುಳಿಬೀಳುತ್ತವೆ, ಡ್ರಮ್ಸ್ ಮತ್ತು ಗಿಟಾರ್ ಒಂದೇ ಕಡೆ ಸೇರುವುದು ಕೆಲವೊಮ್ಮೆ ಆಕಸ್ಮಿಕವೆಂಬಂತೆ ತೋರುತ್ತದೆ. ಆ ಆಲ್ಬಮ್‌ಗೆ ಎರಡು ಬೇರೆ ಬೇರೆ ಧ್ವನಿಮುದ್ರಣಗಳಿದ್ದು, ಯುರೋಪಿನಲ್ಲಿ ಒಂದೂ ಅಮೆರಿಕದಲ್ಲಿ ಇನ್ನೊಂದೂ ಬಿಡುಗಡೆಯಾದವು ಎಂಬ ಸಂಗತಿಯೊಂದೇ ಆಗಿನ ತಂಡದ ಸ್ಥಿತಿ ಎಷ್ಟು ಅಸ್ಥಿರವಾಗಿತ್ತು ಎಂಬುದನ್ನು ಹೇಳುತ್ತದೆ. ಆಮೇಲೆ 'ಸೊಡಮಿ ಆ್ಯಂಡ್ ಲಸ್ಟ್' ಹಾಕಿ ನೋಡಿ. ವೇಗ ಅದೇ, ಗಂಟಲಿನ ಕರಕರ ಅದೇ, ಆದರೆ ಗಿಟಾರಿನ ಪ್ರತಿಯೊಂದು ಮೀಟೂ ಅಂಗೈಯಿಂದ ಅದುಮಿ ಕತ್ತರಿಸಿದಂತೆ ಸ್ಪಷ್ಟವಾಗಿದೆ. ತಂತಿಯ ಕಂಪನವನ್ನು ಗಿಟಾರಿನ ಮೈಮೇಲೆ ತಂತಿಗಳು ಆತುಕೊಳ್ಳುವ ಸೇತುವೆಯ (ಬ್ರಿಜ್) ಬಳಿ ಅಂಗೈಯ ಅಂಚಿನಿಂದ ತಡೆದು, ಸ್ವರಕ್ಕಿಂತ ಹೆಚ್ಚಾಗಿ ತಾಳವನ್ನೇ ನುಡಿಸುವ ಈ ಕ್ರಮ ಥ್ರ್ಯಾಶ್ ಸಂಗೀತದ ಜೀವಾಳ. ಅದಿಲ್ಲದಿದ್ದರೆ ವೇಗವೆಲ್ಲ ಬರಿಯ ಗದ್ದಲವಾಗುತ್ತದೆ. ಬ್ಲ್ಯಾಕ್‌ಫೈರ್ ಬಂದ ಮೇಲೆ ಡ್ರಮ್ಸ್‌ಗೆ ಆತುಕೊಳ್ಳಲು ಒಂದು ಗೋಡೆ ಸಿಕ್ಕಿತು ಎನ್ನಬಹುದು.

ಧ್ವನಿಮುದ್ರಣದ ಹೊಣೆ ಹ್ಯಾರಿಸ್ ಜಾನ್ಸ್ ಅವರದಾಗಿತ್ತು ಎಂಬುದನ್ನೂ ಮರೆಯಬಾರದು. ಬರ್ಲಿನ್ನಿನ ಮ್ಯೂಸಿಕ್ ಲ್ಯಾಬ್ ಸ್ಟುಡಿಯೋದ ಈ ನಿರ್ಮಾಪಕರು 1986ರಲ್ಲಿ ಕ್ರಿಯೇಟರ್ ತಂಡದ 'ಪ್ಲೆಷರ್ ಟು ಕಿಲ್' ಆಲ್ಬಮ್‌ಗೂ, ಕೆನಡಾದ ವೊಯ್‌ವೊಡ್ ತಂಡದ 1987ರ 'ಕಿಲ್ಲಿಂಗ್ ಟೆಕ್ನಾಲಜಿ'ಗೂ ದುಡಿದವರು. ಒರಟುತನವನ್ನು ಉಜ್ಜಿ ತೆಗೆಯದೆ ಅದಕ್ಕೆ ಆಕಾರ ಕೊಡುವುದು ಅವರ ವಿಶೇಷ. ಮೂರು ಹಾಡುಗಳಷ್ಟೇ ಇದ್ದುದರಿಂದ ತಂಡಕ್ಕೂ ನಿರ್ಮಾಪಕರಿಗೂ ಪರಸ್ಪರ ಅರ್ಥ ಮಾಡಿಕೊಳ್ಳಲು ಈ ಇ.ಪಿ. ಒಳ್ಳೆಯ ಅವಕಾಶವಾಯಿತೆಂದು ನನ್ನ ಊಹೆ. ಮುಂದಿನ 'ಪರ್ಸಿಕ್ಯೂಶನ್ ಮೇನಿಯಾ' ಮತ್ತು 1989ರ 'ಏಜೆಂಟ್ ಆರೆಂಜ್' ಎರಡೂ ಅವರ ಕೈಯಲ್ಲಿಯೇ ಮೂಡಿದವು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಇದು ತಾಲೀಮಲ್ಲ. ತಾಲೀಮಿನಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳುತ್ತೇವೆ, ಇಲ್ಲಿ ತಿದ್ದಿಕೊಂಡಾಗಿದೆ. ಹಳೆಯ ಸೋಡಮ್ ಮುಗಿದು ಹೊಸ ಸೋಡಮ್ ಆರಂಭವಾದ ಗಳಿಗೆ ಈ ಹದಿನೈದು ನಿಮಿಷಗಳಲ್ಲಿಯೇ ಇದೆ, ಆಲ್ಬಮ್‌ನಲ್ಲಿ ಇಲ್ಲ.

ಕಲ್ಲಿದ್ದಲು ಉತ್ತರ:

ಗೀರುತಟ್ಟೆಯವರ ವಿವರಣೆಯಲ್ಲಿ ಬಹುಭಾಗವನ್ನು ಒಪ್ಪುತ್ತೇನೆ, ಆದರೆ 'ತಿದ್ದಿಕೊಂಡಾಗಿದೆ' ಎಂಬ ಮಾತಿಗೆ ನನ್ನ ತಕರಾರಿದೆ. ಹಳೆಯ ಸೋಡಮ್ ತಂಡದ ವಾದನವನ್ನು ತಪ್ಪು ಎಂದು ಕರೆದರೆ, ಅದೇ ತಪ್ಪನ್ನು ಮಾದರಿಯಾಗಿ ಇಟ್ಟುಕೊಂಡು ಬೆಳೆದ ನಾರ್ವೆಯ ಬ್ಲ್ಯಾಕ್ ಮೆಟಲ್ (ಮೆಟಲ್ ಸಂಗೀತದ ಇನ್ನೂ ಕತ್ತಲೆಯ ಕವಲು) ತಂಡಗಳ ಬಗ್ಗೆ ಏನು ಹೇಳುವುದು? 'ಇನ್ ದ ಸೈನ್ ಆಫ್ ಈವಿಲ್' ಇ.ಪಿ.ಯ ಐದು ಹಾಡುಗಳಲ್ಲಿರುವ ಆ ಮಣ್ಣುಮಣ್ಣಾದ, ಅಳತೆ ತಪ್ಪಿದ ಕತ್ತಲೆಯನ್ನೇ ಅವರು ಹುಡುಕಿಕೊಂಡು ಹೋದರು, ಬ್ಲ್ಯಾಕ್‌ಫೈರ್ ಬಂದ ಮೇಲಿನ ಅಚ್ಚುಕಟ್ಟನ್ನಲ್ಲ. ಒಂದು ಕಡೆ ಲಾಭವಾದಾಗ ಇನ್ನೊಂದು ಕಡೆ ನಷ್ಟವೂ ಆಗಿದೆ ಎಂಬುದನ್ನು ಲೆಕ್ಕದಲ್ಲಿ ತೋರಿಸಬೇಕು.

ಗಿಟಾರ್ ವಾದಕರೊಬ್ಬರೇ ಎಲ್ಲವನ್ನೂ ಬದಲಿಸಿದರು ಎಂಬ ವಾದವೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ವಿಚ್‌ಹಂಟರ್ ಅವರ ಡ್ರಮ್ಸ್ ವಾದನವನ್ನು ಗಮನವಿಟ್ಟು ಕೇಳಿದರೆ, 'ದ ಕಾಂಕರರ್' ಹಾಡಿನಲ್ಲಿ ಕೂಡ ಅವರ ಕೈ ಯಾವ ಕ್ಷಣದಲ್ಲಾದರೂ ಲಯ ಮೀರಿ ಮುಂದೆ ಓಡಬಹುದು ಎಂಬ ಭಯ ಜೊತೆಗೇ ಇರುತ್ತದೆ. ಆ ಭಯವೇ ಈ ಇ.ಪಿ.ಯ ಸೊಗಸು ಎಂದು ನನಗೆ ತೋರುತ್ತದೆ. ಗಿಟಾರ್ ಹೊಸ ಶಿಸ್ತಿಗೆ ಒಳಪಟ್ಟಿದೆ, ಡ್ರಮ್ಸ್ ಇನ್ನೂ ಹಳೆಯ ಊರಿನಲ್ಲಿಯೇ ಇದೆ. ಒಂದೇ ಮನೆಯಲ್ಲಿ ಅಣ್ಣ ಪಟ್ಟಣದ ನೌಕರಿಗೆ ಹೋಗಿಬರುತ್ತಿದ್ದರೆ ತಮ್ಮ ಇನ್ನೂ ತೋಟದ ಕೆರೆಗೆ ಹಾರುತ್ತಿರುವ ಹಾಗೆ. ಆಲ್ಬಮ್ ಬರುವ ಹೊತ್ತಿಗೆ ಇಬ್ಬರೂ ಒಂದೇ ಹೆಜ್ಜೆಗೆ ಬಂದುಬಿಟ್ಟರು. ಅದು ಹೆಚ್ಚು ಬಲವಾದ ಸಂಗೀತವೆಂಬುದು ನಿಜ, ಆದರೆ ಆ ಎಳೆದಾಟ ಮತ್ತೆ ಅಷ್ಟು ಸ್ಪಷ್ಟವಾಗಿ ಕೇಳಸಿಗುವುದಿಲ್ಲ. ವಿಚ್‌ಹಂಟರ್ 2008ರಲ್ಲಿ ತೀರಿಕೊಂಡರು. ಅವರ ವಾದನದ ಬಗ್ಗೆ ನಗೆಯಾಡುವವರು ಇಂದಿಗೂ ಇದ್ದಾರೆ, ಅಂಥವರಿಗೆ ನಾನು ಕೇಳಿಸುವುದು ಈ ಮೂರು ಹಾಡುಗಳನ್ನೇ.

ಇನ್ನು ವಸ್ತುವಿನ ವಿಷಯ. ಇ.ಪಿ.ಯ ಶೀರ್ಷಿಕೆಯನ್ನೂ ಮೊದಲ ಹಾಡಿನ ಹೆಸರನ್ನೂ ನೋಡಿದರೆ, ಜನರನ್ನು ಬೆಚ್ಚಿಬೀಳಿಸಬೇಕೆಂಬ ಹರೆಯದ ಹಟ ಇನ್ನೂ ಇಳಿದಿಲ್ಲ ಎಂದು ತಿಳಿಯುತ್ತದೆ. 'ಎಕ್ಸ್‌ಪರ್ಸ್' ಎಂಬ ಪದಕ್ಕೆ ಇಂಗ್ಲಿಷ್ ಬಲ್ಲವರೂ ತಲೆ ಕೆರೆದುಕೊಳ್ಳಬೇಕು. ಅದೇ ವರ್ಷದ ಆಲ್ಬಮ್ ತೆರೆದುಕೊಳ್ಳುವುದು 'ನ್ಯೂಕ್ಲಿಯರ್ ವಿಂಟರ್' ಹಾಡಿನಿಂದ, ಮುಗಿಯುವುದು ಬಾಂಬಿನ ಮಳೆ ಎಂಬ ಅರ್ಥದ ಜರ್ಮನ್ ಹೆಸರಿನ ಹಾಡಿನಿಂದ. ಸೈತಾನನಿಂದ ಯುದ್ಧದ ಕಡೆಗೆ ನಡೆದ ಈ ಪಯಣದಲ್ಲಿ ಇ.ಪಿ. ಇನ್ನೂ ಹಳೆಯ ದಡದಲ್ಲಿಯೇ ನಿಂತಿದೆ. ಗೆಲ್ಸೆನ್‌ಕಿರ್ಶೆನ್ ಇರುವ ರೂರ್ ಪ್ರದೇಶದ ಕಲ್ಲಿದ್ದಲು ಗಣಿಯಲ್ಲಿ ಸ್ವತಃ ದುಡಿದ ಏಂಜೆಲ್‌ರಿಪ್ಪರ್, ಅಣ್ವಸ್ತ್ರಗಳ ಭೀತಿ ದಿನನಿತ್ಯದ ಸುದ್ದಿಯಾಗಿದ್ದ ಆಗಿನ ಪಶ್ಚಿಮ ಜರ್ಮನಿಯಲ್ಲಿ, ನರಕಕ್ಕಿಂತ ಹತ್ತಿರದ ಸಂಗತಿಗಳು ಬೇಕಾದಷ್ಟಿವೆ ಎಂಬುದನ್ನು ಹಾಡಿನಲ್ಲಿ ಕಂಡುಕೊಂಡದ್ದು ಆಲ್ಬಮ್‌ನಲ್ಲಿಯೇ. ಹಾಗಾಗಿ ಹೊಸ ಸೋಡಮ್ ಪೂರ್ತಿಯಾಗಿ ಇ.ಪಿ.ಯಲ್ಲಿ ಹುಟ್ಟಿತೆನ್ನಲು ಬಾರದು. ಕೈ ಬದಲಾಗಿತ್ತು, ಬಾಯಿ ಬದಲಾಗಿರಲಿಲ್ಲ.

ಗೀರುತಟ್ಟೆ ಮರುಉತ್ತರ:

ಕಲ್ಲಿದ್ದಲು ಅವರ ಕೊನೆಯ ಮಾತನ್ನು ಒಪ್ಪಿಕೊಂಡೆ. 'ತಿದ್ದಿಕೊಂಡಾಗಿದೆ' ಎಂಬುದನ್ನು 'ನಿರ್ಧರಿಸಿಕೊಂಡಾಗಿದೆ' ಎಂದು ಓದಿಕೊಳ್ಳಬೇಕಾಗಿ ವಿನಂತಿ. ಅಣ್ಣತಮ್ಮಂದಿರ ಹೋಲಿಕೆಯನ್ನು ಮಾತ್ರ ಒಪ್ಪಲಾರೆ. ತಮ್ಮನೂ ಅಷ್ಟರಲ್ಲಿ ಪಟ್ಟಣದ ಬಸ್ಸು ಹತ್ತಿಯಾಗಿತ್ತು, ಕಿಟಕಿಯಿಂದ ಕೈ ಹೊರಗೆ ಹಾಕಿಕೊಂಡಿದ್ದ ಅಷ್ಟೆ.

ಹದಿನಾರುಮಾತ್ರೆ ಉತ್ತರ:

ಚರ್ಚೆ ಒಂದೇ ತಂಡದೊಳಗೆ ಸುತ್ತುತ್ತಿರುವುದರಿಂದ, ಎರಡು ಆಲ್ಬಮ್‌ಗಳ ನಡುವೆ ಬರುವ ಇ.ಪಿ.ಗಳು ಏನೇನು ಕೆಲಸ ಮಾಡುತ್ತವೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ ಮೂಲ ಪ್ರಶ್ನೆಗೆ ಸಹಾಯವಾದೀತು.

ಅದೇ 1987ರಲ್ಲಿ, ಸೋಡಮ್ ತಂಡದ ಮುದ್ರಿಕೆಗಳನ್ನು ಹೊರತರುತ್ತಿದ್ದ ಸ್ಟೀಮ್‌ಹ್ಯಾಮರ್ ಕಂಪನಿಯಿಂದಲೇ, ಜರ್ಮನಿಯದೇ ಆದ ಡಿಸ್ಟ್ರಕ್ಷನ್ ತಂಡ 'ಮ್ಯಾಡ್ ಬುಚರ್' ಎಂಬ ಇ.ಪಿ. ಹೊರತಂದಿತು. ಅದುವರೆಗೆ ಮೂವರಿದ್ದ ಆ ತಂಡ ಹೊಸ ಡ್ರಮ್ಸ್ ವಾದಕರನ್ನೂ ಎರಡನೆಯ ಗಿಟಾರ್ ವಾದಕರನ್ನೂ ಸೇರಿಸಿಕೊಂಡು ನಾಲ್ವರಾದದ್ದು ಕೇಳುಗರಿಗೆ ತಿಳಿದದ್ದು ಆ ಮುದ್ರಿಕೆಯಿಂದ. ತಮ್ಮದೇ ಹಳೆಯ ಹಾಡೊಂದನ್ನು ಹೊಸ ತಂಡದೊಂದಿಗೆ ಮತ್ತೆ ನುಡಿಸಿ ಶೀರ್ಷಿಕೆ ಗೀತೆಯಾಗಿಟ್ಟಿದ್ದರಿಂದ, ಏನು ಬದಲಾಗಿದೆ ಎಂಬುದನ್ನು ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆಯಬಹುದು. ಅದಕ್ಕೂ ಎರಡು ವರ್ಷ ಮೊದಲು, 1985ರಲ್ಲಿ, ಆಂಥ್ರ್ಯಾಕ್ಸ್ ತಂಡ ಜೋಯಿ ಬೆಲ್ಲಡೊನ್ನಾ ಎಂಬ ಹೊಸ ಗಾಯಕರನ್ನು ಪರಿಚಯಿಸಿದ್ದು 'ಆರ್ಮ್ಡ್ ಆ್ಯಂಡ್ ಡೇಂಜರಸ್' ಎಂಬ ಇ.ಪಿ.ಯ ಮೂಲಕ. ಇವೆಲ್ಲ ಹೊಸ ಸೊಸೆಯನ್ನು ನೆಂಟರಿಷ್ಟರ ಮನೆಗೆ ಕರೆದುಕೊಂಡು ಹೋಗಿ ತೋರಿಸಿಬಂದ ಹಾಗೆ. ಕ್ರಿಯೇಟರ್ ತಂಡದ 1986ರ 'ಫ್ಲ್ಯಾಗ್ ಆಫ್ ಹೇಟ್' ಮಾತ್ರ ಬೇರೆ ಜಾತಿಯದು. ಅಲ್ಲಿ ಮೊದಲ ಆಲ್ಬಮ್‌ನ ಹಾಡೊಂದನ್ನು ಹೊಸದಾಗಿ ನುಡಿಸಿ, ಜೊತೆಗೆ ಎರಡು ಹೊಸ ಹಾಡುಗಳನ್ನಿಟ್ಟು, ತಂಡ ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನಷ್ಟೇ ತೋರಿಸಿದರು.

ಸೋಡಮ್ ತಂಡದವರೇ ಮುಂದೆ 1989ರಲ್ಲಿ ತಂದ 'ಆಸ್‌ಗೆಬಾಂಬ್ಟ್' ಇ.ಪಿ.ಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅದು 'ಏಜೆಂಟ್ ಆರೆಂಜ್' ಆಲ್ಬಮ್‌ನಲ್ಲಿ ಆಗಲೇ ಇದ್ದ ಹಾಡಿನ ಜರ್ಮನ್ ಭಾಷೆಯ ರೂಪವನ್ನು ಮುಂದಿಟ್ಟುಕೊಂಡು, ಆಲ್ಬಮ್‌ನ ಗೆಲುವಿನ ಮೇಲೆ ನಿಂತ ಇ.ಪಿ. 'ಎಕ್ಸ್‌ಪರ್ಸ್' ಹಾಗಲ್ಲ. ಮೂರೂ ಹೊಸ ಹಾಡುಗಳು, ಮೂಲ ವಿನೈಲ್ ಆಲ್ಬಮ್‌ನಲ್ಲಿ ಅವುಗಳಲ್ಲಿ ಒಂದೂ ಇಲ್ಲ. ಹಾಡುಗಳನ್ನು ಆಲ್ಬಮ್‌ಗೆಂದು ಉಳಿಸಿಕೊಳ್ಳದೆ ಅಲ್ಲಿಯೇ ಖರ್ಚು ಮಾಡಿದ್ದಾರೆ. ಬೇರೆಯದೇ ಕೃತಿ ಎನ್ನಲು ನನಗೆ ಈ ಒಂದು ಕಾರಣವೇ ಸಾಕು.

ಆ ಕಾಲದ ಹನ್ನೆರಡು ಅಂಗುಲದ ತಟ್ಟೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಮಗ್ಗುಲಿನಲ್ಲಿ ಇಪ್ಪತ್ತು ನಿಮಿಷಗಳಿಗಿಂತ ಹೆಚ್ಚು ಸಂಗೀತವನ್ನು ತುಂಬಬೇಕಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತೊತ್ತಾದಷ್ಟೂ ಪಕ್ಕದ ಗೀರಿಗೆ ತಾಗದಂತೆ ಶಬ್ದದ ಮಟ್ಟವನ್ನೂ ಬಾಸ್ ಅಂಶವನ್ನೂ ತಗ್ಗಿಸಬೇಕಾಗುತ್ತದೆ. ಎರಡು ಮಗ್ಗುಲಿಗೂ ಸೇರಿ ಹದಿನೈದು ನಿಮಿಷಗಳಷ್ಟೇ ಇದ್ದರೆ ಗೀರುಗಳು ಧಾರಾಳವಾಗಿ ಅಗಲಗೊಳ್ಳಬಹುದು, ಸೂಜಿಗೆ ಕುಣಿಯಲು ಜಾಗ ಸಿಗುತ್ತದೆ. ಆಲ್ಬಮ್ ಮತ್ತು ಇ.ಪಿ. ಎರಡೂ ಒಂದೇ ಗಾತ್ರದ ತಟ್ಟೆಯಲ್ಲಿದ್ದರೂ ಇ.ಪಿ.ಯ ಹಾಡುಗಳು ಮೈಮೇಲೆ ಬರುವಂತೆ ಕೇಳಿಸಲು ಇದೂ ಒಂದು ಕಾರಣವಾಗಿರಬಹುದು. ಸಿ.ಡಿ.ಯಲ್ಲಿ ಆ ಭೇದ ಅಳಿಸಿಹೋಗುತ್ತದೆ, ಹಾಡುಗಳೆಲ್ಲ ಒಂದೇ ಸಾಲಿನ ವಠಾರದ ಮನೆಗಳಾಗಿಬಿಡುತ್ತವೆ.

ಮಂದ್ರತಂತಿ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ನಿನ್ನೆ ರಾತ್ರಿ ಕುಳಿತು, ಮೊದಲು 'ಅಬ್ಸೆಸ್ಡ್ ಬೈ ಕ್ರುಯಲ್ಟಿ'ಯನ್ನು ಪೂರ್ತಿ ಕೇಳಿ, ಅನಂತರ ಸಿ.ಡಿ.ಯ ಹನ್ನೊಂದನೆಯ ಹಾಡಿನಿಂದ ಹದಿಮೂರನೆಯದರವರೆಗೆ ಕೇಳಿ, ಅದಾದ ಮೇಲೆ ಮೊದಲಿಗೆ ಮರಳಿ 'ನ್ಯೂಕ್ಲಿಯರ್ ವಿಂಟರ್'ನಿಂದ 'ಬಾಂಬನ್‌ಹಾಗೆಲ್'ವರೆಗೆ ಕೇಳಿದೆ. ಮನೆಯವರು ಎರಡು ಬಾರಿ ಬಾಗಿಲು ಬಡಿದದ್ದನ್ನು ಬಿಟ್ಟರೆ ಬೇರೆ ಅಡಚಣೆಯಾಗಲಿಲ್ಲ.

ಈ ಕ್ರಮದಲ್ಲಿ ಕೇಳಿದಾಗ ನನಗೆ ಅತಿ ಹೆಚ್ಚು ಹಿಡಿಸಿದ್ದು, ನಿಮ್ಮಲ್ಲಿ ಯಾರೂ ಹೆಚ್ಚಾಗಿ ಪ್ರಸ್ತಾಪಿಸದ 'ಮೈ ಅಟೋನ್‌ಮೆಂಟ್'. ಮೂರರಲ್ಲಿ ಅದೇ ಅತ್ಯಂತ ದೀರ್ಘವಾದದ್ದು, ಹೆಚ್ಚುಕಡಿಮೆ ಆರು ನಿಮಿಷಗಳದು. ಉಳಿದ ಎರಡು ಹಾಡುಗಳು ಓಡುತ್ತವೆ, ಇದು ಗತಿ ಬದಲಿಸಿಕೊಂಡು ನಡೆಯುವ ಹಾಡು. ಮೊದಲ ಆಲ್ಬಮ್‌ನ ಸೋಡಮ್ ಇಷ್ಟು ಹೊತ್ತು ಒಂದು ಹಾಡನ್ನು ಹಿಡಿದು ನಿಲ್ಲಿಸಲು ಹೊರಟಿದ್ದರೆ ನಡುವೆಯೇ ಕುಸಿದುಬೀಳುತ್ತಿತ್ತು ಎಂದು ನನಗೆ ಅನ್ನಿಸಿತು. ಗೀರುತಟ್ಟೆಯವರು ಹೇಳಿದ ಗೋಡೆ ನನಗೆ ಕಂಡದ್ದು ವೇಗದ ಭಾಗಗಳಲ್ಲಿ ಅಲ್ಲ, ಈ ಹಾಡು ನಿಧಾನವಾಗುವ ಕಡೆಗಳಲ್ಲಿ. ಹಾಗೆಯೇ ಕಲ್ಲಿದ್ದಲು ಅವರು ಹೇಳಿದ ಎಳೆದಾಟವೂ ಕೇಳಿಸಿತು, ಆದರೆ 'ದ ಕಾಂಕರರ್'ಗಿಂತ ಹೆಚ್ಚಾಗಿ 'ಸೊಡಮಿ ಆ್ಯಂಡ್ ಲಸ್ಟ್'ನಲ್ಲಿ.

ಇನ್ನೊಂದು ಸಣ್ಣ ಅನುಮಾನ. ಬ್ಲ್ಯಾಕ್‌ಫೈರ್ 'ಏಜೆಂಟ್ ಆರೆಂಜ್' ಆದ ಮೇಲೆ ತಂಡ ಬಿಟ್ಟರು ಎಂದು ಓದಿದೆ. ಹಾಗಿದ್ದರೆ ಅವರಿದ್ದ ಸೋಡಮ್ ಎಂದರೆ ಈ ಇ.ಪಿ. ಮತ್ತು ಆ ಎರಡು ಆಲ್ಬಮ್‌ಗಳು ಮಾತ್ರವೇ?

ಕಲ್ಲಿದ್ದಲು ಉತ್ತರ:

'ಮೈ ಅಟೋನ್‌ಮೆಂಟ್' ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ಬಿಟ್ಟು ಮಾತನಾಡಿದ್ದು ನಮ್ಮ ಲೋಪ.

ಬ್ಲ್ಯಾಕ್‌ಫೈರ್ 1989ರಲ್ಲಿ ಸೋಡಮ್ ಬಿಟ್ಟು ನೆರೆಯ ಎಸ್ಸೆನ್ ನಗರದ ಕ್ರಿಯೇಟರ್ ತಂಡವನ್ನು ಸೇರಿದರು. 1990ರ 'ಕೋಮಾ ಆಫ್ ಸೋಲ್ಸ್' ಆಲ್ಬಮ್‌ನಲ್ಲಿ ಅವರ ಗಿಟಾರ್ ಕೇಳಬಹುದು. ಎಂಬತ್ತರ ದಶಕದ ಮಟ್ಟಿಗೆ ನೀವು ಹಾಕಿದ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇದೆ, 1988ರ 'ಮಾರ್ಟಲ್ ವೇ ಆಫ್ ಲಿವ್' ಎಂಬ ನೇರ ಕಾರ್ಯಕ್ರಮದ ಆಲ್ಬಮ್ ಒಂದನ್ನು ಸೇರಿಸಿಕೊಳ್ಳಿ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಅವರು ಮತ್ತೆ ಸೋಡಮ್ ತಂಡಕ್ಕೆ ಬಂದರು, ಆ ಹೊತ್ತಿಗೆ ಏಂಜೆಲ್‌ರಿಪ್ಪರ್ ತಂಡವನ್ನು ಮೂವರಿಂದ ನಾಲ್ವರಿಗೆ ವಿಸ್ತರಿಸಿದ್ದರು. ಹೊಸ ತಂಡ ಕಟ್ಟಿಕೊಂಡು ಅವರು ಮೊದಲು ಹೊರತಂದದ್ದು ಆಲ್ಬಮ್ ಅಲ್ಲ, 2018ರ ಕೊನೆಯಲ್ಲಿ 'ಪಾರ್ಟಿಸನ್' ಎಂಬ ಚಿಕ್ಕ ಇ.ಪಿ. ಮರುವರ್ಷ 'ಔಟ್ ಆಫ್ ದ ಫ್ರಂಟ್‌ಲೈನ್ ಟ್ರೆಂಚ್' ಎಂಬ ಇನ್ನೊಂದು ಇ.ಪಿ. ಬಂತು. 'ಜೆನೆಸಿಸ್ XIX' ಆಲ್ಬಮ್ ಬಂದದ್ದು 2020ರಲ್ಲಿ.

ಮೂವತ್ತು ವರ್ಷಗಳ ಅಂತರದಲ್ಲಿ ಅದೇ ಗಿಟಾರ್ ವಾದಕ ಎರಡನೆಯ ಸಲ ಮನೆಗೆ ಬಂದಾಗಲೂ ಆಲ್ಬಮ್‌ಗಿಂತ ಮೊದಲು ಇ.ಪಿ.ಯಲ್ಲಿಯೇ ಕೈ ಹದ ಮಾಡಿಕೊಂಡರು ಎಂಬುದು, ಗೀರುತಟ್ಟೆಯವರು ಏನೇ ಹೇಳಲಿ, ತಾಲೀಮು ಎಂಬ ನಿಮ್ಮ ಮೊದಲ ಪದಕ್ಕೂ ಸ್ವಲ್ಪ ಬೆಲೆ ಕೊಡುತ್ತದೆ. 'ಪಾರ್ಟಿಸನ್' ಸಿಕ್ಕರೆ ಅದನ್ನೂ 'ಎಕ್ಸ್‌ಪರ್ಸ್' ಪಕ್ಕದಲ್ಲಿಟ್ಟು ಕೇಳಿ. ಡ್ರಮ್ಸ್ ಎಲ್ಲಿಯೂ ಲಯ ತಪ್ಪುವುದಿಲ್ಲ, ವಿಚ್‌ಹಂಟರ್ ಇಲ್ಲದಿರುವುದು ಅಲ್ಲಿಯೇ ಗೊತ್ತಾಗುತ್ತದೆ.